ವಾತಾಪಿ ಎಷ್ಟು ಬಾರಿ ಹೊರಬಂದ?

ಊರು ಸ್ಥಳ ಬದಲಿಸುವುದೆಂದರೇನು ಎಂಬುದನ್ನು ಬಾಗಲಕೋಟೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಏರಿ ಬಂದು ಹಳೆಯ ಊರಿನ ತಗ್ಗು ಭಾಗಗಳು ನೀರಿನ ಪಾಲಾದಾಗ ಸಾವಿರಾರು ಮನೆತನಗಳು ನವನಗರದ ಸೆಕ್ಟರುಗಳಿಗೆ ಗಂಟುಮೂಟೆ ಕಟ್ಟಿದವು. ಕಥೆಗಳೂ ಹೀಗೆಯೇ ಊರು ಬಿಟ್ಟು ಊರಿಗೆ ಹೋಗುತ್ತವೆ. ಅವುಗಳಿಗೆ ಪರಿಹಾರಧನ ಬೇಕಾಗುವುದಿಲ್ಲ, ಅಷ್ಟೇ ವ್ಯತ್ಯಾಸ. ಹಾಗೆ ಬಂದು ನೆಲೆಸಿದ ಕಥೆಯೊಂದನ್ನು ನೋಡಬೇಕೆನ್ನುವವರು ಬಾಗಲಕೋಟೆಯಿಂದ ಗದಗಿನ ಕಡೆಗೆ ಹೋಗುವ ರೈಲು ಹತ್ತಿ ಬಾದಾಮಿಯಲ್ಲಿ ಇಳಿಯಬೇಕು. ನಿಲ್ದಾಣದಿಂದ ಊರು ಐದು ಕಿಲೋಮೀಟರ್. ಊರು ಹತ್ತಿರವಾದಂತೆ ಎದುರಿಗೆ ಎರಡು ಕೆಂಪು ಗುಡ್ಡಗಳು, ನಡುವೆ ಹಸಿರು ನೀರಿನ ಹೊಂಡ ಕಾಣಿಸುತ್ತವೆ.

ಗುಡ್ಡಗಳೆರಡೂ ಅಣ್ಣತಮ್ಮಂದಿರಂತೆ. ಅಣ್ಣ ಇಲ್ವಲ, ತಮ್ಮ ವಾತಾಪಿ. ನಡುವಿನ ಹೊಂಡ ಅಗಸ್ತ್ಯ ತೀರ್ಥ. ಮೇಣಬಸದಿಯ ಮೆಟ್ಟಿಲುಗಳ ಬಳಿ ಶಾಲೆಯ ಮಕ್ಕಳನ್ನು ಕೂಡಿಸಿಕೊಂಡ ಮಾರ್ಗದರ್ಶಿಗಳು ಈ ಕಥೆಯನ್ನು ಬಾಯಲ್ಲಿ ನೀರೂರುವಂತೆ ಹೇಳುತ್ತಾರೆ. ತಮ್ಮ ಟಗರಾಗುತ್ತಿದ್ದ. ಅಣ್ಣ ಅದನ್ನು ಕೊಯ್ದು ಅಡುಗೆ ಮಾಡಿ ಬಂದ ಬ್ರಾಹ್ಮಣರಿಗೆ ಬಡಿಸುತ್ತಿದ್ದ. ಊಟ ಮುಗಿದು ಅವರು ಕೈತೊಳೆಯುವ ಹೊತ್ತಿಗೆ "ವಾತಾಪಿ, ಹೊರಗ ಬಾರೋ!" ಎಂದು ಕೂಗುತ್ತಿದ್ದ. ತಮ್ಮ ಹೊಟ್ಟೆ ಸೀಳಿಕೊಂಡು ಹೊರಬರುತ್ತಿದ್ದ. ಒಮ್ಮೆ ಅಗಸ್ತ್ಯ ಮುನಿ ಬಂದ, ಉಂಡ, ಹೊಟ್ಟೆ ಸವರಿಕೊಂಡ. ಅಣ್ಣ ಕೂಗಿಯೇ ಕೂಗಿದ. "ಎಲ್ಲಿಂದ ಬರ್ತಾನ? ಆಗಲೇ ಅರಗಿ ಹೋದ" ಎಂದನಂತೆ ಮುನಿ. ಮಕ್ಕಳು ಹೋ ಎಂದು ನಗುತ್ತಾರೆ. ಆ ನಗುವಿಗೆ ಎರಡೂ ಗುಡ್ಡಗಳು ಪ್ರತಿಧ್ವನಿ ಕೊಡುತ್ತವೆ.

ಗುಡ್ಡಗಳು ಅಣ್ಣತಮ್ಮಂದಿರು ಎಂಬ ಮಾತನ್ನು ವಿಜ್ಞಾನವೂ ಒಪ್ಪುತ್ತದೆ, ಬೇರೆ ಕಾರಣಕ್ಕಾಗಿ. ಎರಡೂ ಕಡೆಯ ಕಡಿಬಂಡೆಗಳನ್ನು ಕೊಂಚ ನಿಂತು ನೋಡಿದರೆ ಪದರಗಳು ಒಂದಕ್ಕೊಂದು ಹೊಂದುತ್ತವೆ. ನೀರು ಹೊತ್ತು ತಂದ ಮರಳು ಪದರ ಪದರವಾಗಿ ಕೂತು, ಒತ್ತಡಕ್ಕೆ ಗಟ್ಟಿಯಾಗಿ, ಐವತ್ತು ಕೋಟಿ ವರ್ಷಕ್ಕೂ ಎಷ್ಟೋ ಹಿಂದೆ ಒಂದೇ ಹಾಸುಗಲ್ಲಾಗಿದ್ದ ಮರಳುಗಲ್ಲು ಇದು. ಬಿರುಕುಗಳಲ್ಲಿ ಮಳೆ ನೀರು ಇಳಿದಿಳಿದು ನಡುವಿನ ಭಾಗ ಕೊರೆದುಹೋಗಿ ಒಂದು ಎರಡಾಯಿತು. ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದು. ನಮ್ಮ ಮನೆಯ ಹಳೆಯ ಕೊಡಲಿಗೆ ಹಿಡಿಯುವ ತುಕ್ಕಿನ ಬಳಗದ್ದೇ. ಹೊಂಡವಂತೂ ಕಮರಿಗೆ ಅಡ್ಡಲಾಗಿ ಒಡ್ಡು ಕಟ್ಟಿ ಮಾಡಿದ್ದು.

ಕಥೆ ಇಲ್ಲಿಯದೇ ಎಂದು ಕೇಳಿದರೆ ಉತ್ತರ ಅಷ್ಟು ಸಲೀಸಲ್ಲ. ಮಹಾಭಾರತದ ವನಪರ್ವದಲ್ಲಿ ಇಲ್ವಲನ ಊರಿನ ಹೆಸರು ಮಣಿಮತಿ. ಬಾದಾಮಿಯ ಹೆಸರು ಅಲ್ಲಿ ಎಲ್ಲಿಯೂ ಇಲ್ಲ. ಕಥೆಯ ಹದವೂ ಬೇರೆ. ಅದು ಶುರುವಾಗುವುದು ಒಂದು ಸಂಸಾರದ ತಾಪತ್ರಯದಿಂದ. ವಿದರ್ಭದ ರಾಜಕುಮಾರಿ ಲೋಪಾಮುದ್ರೆ ಮುನಿ ಅಗಸ್ತ್ಯನನ್ನು ಮದುವೆಯಾಗಿ ನಾರುಮಡಿ ಉಟ್ಟವಳು. ಮಕ್ಕಳ ಮಾತು ಬಂದಾಗ, ತವರಿನಲ್ಲಿದ್ದಂತಹ ಹಾಸಿಗೆ, ಒಡವೆ, ವಸ್ತ್ರ ಇದ್ದರೆ ಮಾತ್ರ ಎಂದು ಹಟ ಹಿಡಿಯುತ್ತಾಳೆ. ಮುನಿ ಹಣ ಕೇಳಲು ಒಬ್ಬ ರಾಜನ ಬಳಿ ಹೋಗುತ್ತಾನೆ. ರಾಜ ತನ್ನ ಆಯ-ವ್ಯಯದ ಲೆಕ್ಕ ಒಪ್ಪಿಸುತ್ತಾನೆ, ಎರಡೂ ಸರಿಸಮ. ಇಲ್ಲಿಂದ ತೆಗೆದುಕೊಂಡರೆ ಪ್ರಜೆಗಳಿಗೆ ತೊಂದರೆ ಎಂದು ಮುನಿ ಆ ರಾಜನನ್ನೂ ಜೊತೆ ಮಾಡಿಕೊಂಡು ಇನ್ನೊಬ್ಬನ ಬಳಿ ಹೋಗುತ್ತಾನೆ. ಅಲ್ಲಿಯೂ ಅದೇ ಲೆಕ್ಕ, ಮೂರನೆಯವನಲ್ಲಿಯೂ ಅದೇ. ಖಜಾನೆಯಲ್ಲಿ ಮಿಗುತಾಯ ಇರುವವನು ಇಲ್ವಲನೊಬ್ಬನೇ ಎಂದು ಎಲ್ಲರೂ ಕೂಡಿ ಅವನ ಮನೆಗೆ ಹೊರಡುತ್ತಾರೆ. ಇಂದಿನ ಹಣಕಾಸು ಮಂತ್ರಿಗಳು ಓದಬೇಕಾದ ಅಧ್ಯಾಯ ಇದು! ಇಷ್ಟೆಲ್ಲ ಆಗಿ ವಾತಾಪಿ ಅರಗಿಹೋದ ಮೇಲೆ ಇಲ್ವಲ ಸಾಯುವುದಿಲ್ಲ. ಹೆದರಿ, ಕೈಮುಗಿದು, ಹಸು, ಹೊನ್ನು, ಬಂಗಾರದ ರಥ ಕೊಟ್ಟು ಕಳಿಸುತ್ತಾನೆ.

ರಾಮಾಯಣದ ಅರಣ್ಯಕಾಂಡಕ್ಕೆ ಬಂದರೆ ಲೋಪಾಮುದ್ರೆಯ ಹಟವೂ ಇಲ್ಲ, ರಾಜರ ಜಮಾಖರ್ಚೂ ಇಲ್ಲ. ಹಿನ್ನೆಲೆ ದಂಡಕಾರಣ್ಯ. ಇಲ್ವಲ ಬ್ರಾಹ್ಮಣನ ವೇಷ ಹಾಕಿ, ಸಂಸ್ಕೃತ ಮಾತಾಡಿ, ಶ್ರಾದ್ಧದೂಟಕ್ಕೆ ಕರೆಯುವ ಕಪಟಿ. ಕೊನೆಯಲ್ಲಿ ಮುನಿಯ ಕಣ್ಣಿನ ಬೆಂಕಿಗೆ ಸುಟ್ಟು ಬೂದಿಯಾಗುತ್ತಾನೆ. ಒಂದು ಕಡೆ ಗೃಹಸ್ಥನ ಕಥೆಯಾಗಿದ್ದದ್ದು ಇನ್ನೊಂದು ಕಡೆ ಕಾಡನ್ನು ಪಳಗಿಸಿದ ಮುನಿಯ ಸಾಹಸವಾಗಿದೆ. ಕಥೆಯೊಂದನ್ನು ತಿದ್ದಿ ಬರೆಯುವವನು ಮೊದಲು ಊರು ಬದಲಿಸುತ್ತಾನೆ, ಆಮೇಲೆ ಕೊನೆಯನ್ನು ಬದಲಿಸುತ್ತಾನೆ. ಇವೆರಡೂ ಬದಲಾದ ಮೇಲೆ ಕಥೆಯ ಜಾತಿಯೇ ಬದಲಾಗಿರುತ್ತದೆ.

ಇದಕ್ಕೂ ಹಿಂದಿನ ಒಂದು ಕರಡು ಇದೆ. ಋಗ್ವೇದದ ಮೊದಲನೆಯ ಮಂಡಲದಲ್ಲಿ ಅನ್ನವನ್ನು ಹೊಗಳುವ ಸೂಕ್ತವೊಂದಿದೆ, 187ನೆಯದು. ಅದರ ಋಷಿ ಬೇರೆ ಯಾರೂ ಅಲ್ಲ, ಅಗಸ್ತ್ಯನೇ. ಆ ಸೂಕ್ತದ ಕೊನೆಯ ಭಾಗದಲ್ಲಿ, ಉಂಡದ್ದು ಕುಡಿದದ್ದು ಮೈಗೂಡಿ ಪುಷ್ಟಿಯಾಗಲಿ ಎಂದು ಕೇಳಿಕೊಳ್ಳುವಾಗ ಕವಿ ಆ ಆಹಾರವನ್ನು ಕರೆಯುವ ಹೆಸರು 'ವಾತಾಪಿ'. ಗಾಳಿಯ ಗೆಳೆಯ ಎಂಬಂತಹ ಅರ್ಥದ ಮಾತು. ಅಲ್ಲಿ ಟಗರಿಲ್ಲ, ರಾಕ್ಷಸನಿಲ್ಲ, ಕೊಲೆಯಿಲ್ಲ. ಊಟದ ಮುಂದೆ ಕೂತ ಮನುಷ್ಯನ ಪ್ರಾರ್ಥನೆ ಮಾತ್ರ. ಅಗಸ್ತ್ಯ, ಅನ್ನ, ವಾತಾಪಿ ಎಂಬ ಮೂರು ಮಾತುಗಳು ಅಲ್ಲಿ ಒಂದೇ ಕಡೆ ಸಿಗುತ್ತವೆ. ಆ ಹಳೆಯ ಮಾತಿನ ಅರ್ಥ ಜನಕ್ಕೆ ಮರೆತುಹೋದ ಮೇಲೆ, ಅಗಸ್ತ್ಯ ತಿಂದ ಈ ವಾತಾಪಿ ಯಾರಿದ್ದಾನು ಎಂದು ಯಾರೋ ಕೇಳಿರಬೇಕು, ಯಾರೋ ಉತ್ತರ ಕಟ್ಟಿರಬೇಕು ಎಂದು ಊಹಿಸುವುದು ತಪ್ಪಾಗಲಾರದು. ಭಾರತದ ಕಥೆಯಲ್ಲಿಯೂ ಅಣ್ಣ ಕೂಗಿದಾಗ ಮುನಿಯ ಮೈಯಿಂದ ಹೊರಬಂದದ್ದು ಬರೀ ಗಾಳಿ! ಉಂಡ ಮೇಲೆ ವಾಯು ಸರಿಯುವುದು ಜೀರ್ಣಕ್ರಿಯೆಯ ಲಕ್ಷಣ ಎಂಬ ತಿಳಿವಳಿಕೆ ಆ ಕಥೆಗಾರನಿಗೆ ಇತ್ತೆಂದು ಕಾಣುತ್ತದೆ.

ಇನ್ನು ಬಾದಾಮಿಯ ಪಾಲಿನ ದಾಖಲೆ. ಎರಡನೆಯ ಶತಮಾನದ ಗ್ರೀಕ್ ಭೂಗೋಳಕಾರ ಟಾಲೆಮಿ ಹೇಳಿದ 'ಬದಿಯಮಾಯಿ' ಎಂಬ ಸ್ಥಳವನ್ನು ವಿದ್ವಾಂಸರು ಬಾದಾಮಿ ಎಂದು ಗುರುತಿಸುತ್ತಾರೆ. ಅದನ್ನು ಒಪ್ಪಿದರೆ 'ಬಾದಾಮಿ'ಯ ದನಿಯೇ ಹಳೆಯದು, ಸಂಸ್ಕೃತದ ಉಡುಪು ಆಮೇಲಿನದು. 'ವಾತಾಪಿ' ಎಂಬ ಹೆಸರು ಕಲ್ಲಿನ ಮೇಲೆ ಖಚಿತವಾಗಿ ಕಾಣುವುದು ಶಕ ವರ್ಷ 465ರಲ್ಲಿ, ಅಂದರೆ ಕ್ರಿ.ಶ. 543ರಲ್ಲಿ. ಒಂದನೆಯ ಪುಲಿಕೇಶಿ ಬಾದಾಮಿಯ ಬಂಡೆಯ ಮೇಲೆ ಕೆತ್ತಿಸಿದ ಆ ಪುಟ್ಟ ಶಾಸನದಲ್ಲಿ ವಾತಾಪಿ ಎಂದರೆ ಬೆಟ್ಟ. ಬೆಟ್ಟಗಳಲ್ಲಿ ದೊಡ್ಡದಾದ ಅದಕ್ಕೆ ಮೇಲೆಯೂ ಕೆಳಗೆಯೂ ಕೋಟೆ ಕಟ್ಟಿಸಿದನೆಂಬುದು ಅದರ ಸಾರ. ರಾಕ್ಷಸನ ಸುಳಿವಿಲ್ಲ.

ಬಾದಾಮಿಯಿಂದ ಪಟ್ಟದಕಲ್ಲು ದಾಟಿ ಮಲಪ್ರಭೆಯ ಜೊತೆಜೊತೆಗೇ ಸಾಗಿದರೆ ಹುನಗುಂದ ಸೀಮೆಯ ಐಹೊಳೆ. ಇಲ್ಲಿಯೂ ಒಂದು ಕಥೆ ಕಾದಿರುತ್ತದೆ. ಕ್ಷತ್ರಿಯರನ್ನು ಕಡಿದ ಪರಶುರಾಮ ಕೊಡಲಿ ತೊಳೆದಾಗ ನದಿ ಕೆಂಪಾಯಿತು, ಕಂಡ ಹೆಂಗಸು "ಅಯ್ಯೋ ಹೊಳೆ" ಎಂದಳು, ಅದೇ ಐಹೊಳೆ ಆಯಿತು ಎನ್ನುತ್ತಾರೆ. ಶಾಸನಗಳಲ್ಲಿ ಊರಿನ ಹೆಸರು ಅಯ್ಯಾವೊಳೆ, ಆರ್ಯಪುರ. ಅಯ್ಯಾವೊಳೆ ಐನೂರ್ವರೆಂಬ ವರ್ತಕರ ಸಂಘ ಕಡಲಾಚೆಗೂ ಹೆಸರು ಮಾಡಿತ್ತು. ಕೆಂಪು ನೀರಿಗೂ ಪರಶುರಾಮ ಬೇಕಾಗಿಲ್ಲ. ಇಲ್ಲಿನ ಕೆಂಗಲ್ಲಿನ ಮಣ್ಣು ಮಳೆಗಾಲದಲ್ಲಿ ಹೊಳೆಗೆ ಇಳಿದರೆ ಸಾಕು. ಹೆಸರು ಮೊದಲು ಹುಟ್ಟಿ ಕಥೆ ಆಮೇಲೆ ಬಂದು ಅದರ ಮೇಲೆ ಕೂಡುವ ಬಗೆ ಇದು. ಬಾಗಲಕೋಟೆಯ ಘಟಪ್ರಭೆಯಲ್ಲಿ 'ಘಟ' ಇದೆ, ಅಗಸ್ತ್ಯನೋ ಕೊಡದಲ್ಲಿ ಹುಟ್ಟಿದವನು. ನಾಳೆ ಯಾರಾದರೂ ಈ ಎರಡಕ್ಕೂ ಗಂಟು ಹಾಕಿದರೆ ಅಚ್ಚರಿಪಡಬೇಕಾದದ್ದಿಲ್ಲ.

ಐಹೊಳೆಯ ಗುಡ್ಡದ ಮೇಲಿನ ಮೇಗುತಿ ಜಿನಾಲಯಕ್ಕೆ ಹತ್ತಿ ಹೋದರೆ ಗೋಡೆಯಲ್ಲಿ ರವಿಕೀರ್ತಿಯ ಶಾಸನ. ಇಮ್ಮಡಿ ಪುಲಿಕೇಶಿಯ ದಿಗ್ವಿಜಯ ಹೇಳುವ ಈ ಕವಿ ತನ್ನನ್ನು ಕಾಳಿದಾಸ, ಭಾರವಿಯರಿಗೆ ಸಮ ಎಂದುಕೊಂಡವನು. ಸಂಕೋಚ ಅವನಿಗೆ ಗೊತ್ತಿರಲಿಲ್ಲ. ಕಾಲ ಹೇಳುವಾಗ ಅವನು ಎರಡು ಲೆಕ್ಕ ಕೊಡುತ್ತಾನೆ: ಭಾರತಯುದ್ಧ ಕಳೆದು 3735 ವರ್ಷ, ಶಕರಾಜರ ಲೆಕ್ಕದಲ್ಲಿ 556 ವರ್ಷ. ಎರಡನೆಯದು ಕ್ರಿ.ಶ. 634-35. ಪುರಾಣದ ಗಡಿಯಾರ, ಇತಿಹಾಸದ ಗಡಿಯಾರ ಎರಡನ್ನೂ ಒಂದೇ ಗೋಡೆಗೆ ತೂಗುಹಾಕಿದ್ದಾನೆ. ಬಾದಾಮಿಯ ವಿಷಯ ಬಂದಾಗ ಅವನು ಹೇಳುವುದು ಇನ್ನೂ ಸೊಗಸು. ಒಂದನೆಯ ಪುಲಿಕೇಶಿ ವಾತಾಪಿಪುರಿಯೆಂಬ ವಧುವಿಗೆ ವರನಾದನಂತೆ. ಟಗರಾಗಿ ಬೆಂದ ರಾಕ್ಷಸನ ಹೆಸರು ಇಲ್ಲಿ ಮದುಮಗಳದು! ಚಾಲುಕ್ಯರ ಆಸ್ಥಾನದಲ್ಲಿ ಆ ಹೆಸರು ಕೇಳಿದವರಿಗೆ ಹೊಟ್ಟೆ ಸೀಳುವ ನೆನಪು ಬರುತ್ತಿರಲಿಲ್ಲ ಎಂದೇ ಇದರ ಅರ್ಥವಿರಬೇಕು.

ಆ ನೆನಪು ತಂದುಕೊಟ್ಟವರು ಶತ್ರುಗಳು. ಕ್ರಿ.ಶ. 642ರ ಸುಮಾರಿಗೆ ಕಂಚಿಯ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದ. ಅವನ ಹದಿಮೂರನೆಯ ಆಳ್ವಿಕೆಯ ವರ್ಷದ, ಅರ್ಧ ಅಳಿಸಿದ ಶಾಸನ ಬಾದಾಮಿಯ ಬಂಡೆಯ ಮೇಲೆ ಇಂದಿಗೂ ಇದೆ. ನೂರು ವರ್ಷದ ತರುವಾಯ, ನಂದಿವರ್ಮ ಪಲ್ಲವಮಲ್ಲನ ಕಾಲದ ಉದಯೇಂದಿರಂ ತಾಮ್ರಪಟದಲ್ಲಿ ಆಸ್ಥಾನದ ಕವಿಯೊಬ್ಬ ಒಂದು ಚಮತ್ಕಾರ ಮಾಡಿದ. ವಾತಾಪಿಯನ್ನು ಪುಡಿ ಮಾಡಿದ್ದರಲ್ಲಿ ನರಸಿಂಹವರ್ಮ ಅಗಸ್ತ್ಯನಿಗೆ ಸಾಟಿ ಎಂದ. ಮುನಿ ಅರಗಿಸಿದ್ದು ರಾಕ್ಷಸನನ್ನು, ರಾಜ ಗೆದ್ದದ್ದು ಊರನ್ನು. ಹೆಸರು ಒಂದೇ ಆದ್ದರಿಂದ ಶ್ಲೇಷೆ ಕೂಡಿಬಂತು. ಮಣಿಮತಿಯಲ್ಲೋ ದಂಡಕಾರಣ್ಯದಲ್ಲೋ ನಡೆದ ಕಥೆ ಬಾದಾಮಿಯ ಗುಡ್ಡಕ್ಕೆ ಬಂದು ಅಂಟಿಕೊಂಡದ್ದಕ್ಕೆ ಕಲ್ಲಿನಷ್ಟು ಗಟ್ಟಿಯಾದ ಸಾಕ್ಷಿ ಹುಡುಕಿದರೆ ಸಿಗುವುದು ಹೆಚ್ಚುಕಡಿಮೆ ಈ ಶ್ಲೇಷೆ. ಗೆದ್ದವನ ಕವಿ ಮಾಡಿದ ಹೋಲಿಕೆಯನ್ನು ಸೋತ ಊರಿನವರು ತಮ್ಮ ಸ್ಥಳಪುರಾಣ ಮಾಡಿಕೊಂಡು, ಹೊಂಡಕ್ಕೆ ಆ ಮುನಿಯ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಇದನ್ನು ಔದಾರ್ಯ ಎನ್ನಬೇಕೋ ಮರೆವು ಎನ್ನಬೇಕೋ!

ಪುರಾಣವನ್ನು ತಮ್ಮ ಕಾಲಕ್ಕೆ ಎಳೆದುಕೊಳ್ಳುವ ಚಾಳಿ ಪಲ್ಲವರದೊಬ್ಬರದೇ ಅಲ್ಲ. ಪಂಪನ ಅರ್ಜುನ ಅರಿಕೇಸರಿಯಾದ, ಮುಧೋಳದ ರನ್ನನ ಭೀಮ ಸತ್ಯಾಶ್ರಯನಾದ. ಆದರೆ ಅವು ಕಾವ್ಯವೆಂದು ಓದುಗರಿಗೆ ಗೊತ್ತಿತ್ತು. ವಾತಾಪಿಯ ಕಥೆಗೆ ಆ ಅದೃಷ್ಟವಿಲ್ಲ. ತಮಿಳುನಾಡಿನ ತಿರುಚೆಂಗಾಟ್ಟಂಗುಡಿಯಲ್ಲಿ ವಾತಾಪಿ ಗಣಪತಿ ಇದ್ದಾನೆ. ನರಸಿಂಹವರ್ಮನ ಸೇನಾಪತಿ ಪರಂಜೋತಿ ಬಾದಾಮಿಯಿಂದ ಗೆದ್ದು ತಂದದ್ದು ಎಂಬುದು ಐತಿಹ್ಯ. ಅದೇ ಪರಂಜೋತಿ ಸಿರುತ್ತೊಂಡರ್ ಎಂಬ ಶಿವಭಕ್ತನಾದ ಬಗೆಯನ್ನು ಹನ್ನೆರಡನೆಯ ಶತಮಾನದ ಪೆರಿಯ ಪುರಾಣ ಹೇಳುತ್ತದೆ. ವಾತಾಪಿಯಿಂದ ಅವನು ತಂದ ಆನೆ, ಐಶ್ವರ್ಯಗಳ ಪ್ರಸ್ತಾಪ ಅಲ್ಲಿದೆ, ಗಣಪತಿಯ ಮಾತಿಲ್ಲ. ಮುತ್ತುಸ್ವಾಮಿ ದೀಕ್ಷಿತರು (ನಿಧನ 1835) ಹಂಸಧ್ವನಿಯಲ್ಲಿ ರಚಿಸಿದ ಕೃತಿ ಇಂದು ಯಾವ ಕಛೇರಿಯ ಆರಂಭಕ್ಕಾದರೂ ಸಲ್ಲುತ್ತದೆ. ಅದರಲ್ಲಿ ಬರುವುದು ಕೊಡದಲ್ಲಿ ಹುಟ್ಟಿದ ಮುನಿಯ ಪೂಜೆ, ಸೇನಾಪತಿಯಲ್ಲ, ಕೊಳ್ಳೆಯಲ್ಲ. ದೀಕ್ಷಿತರು ಅಷ್ಟರಮಟ್ಟಿಗೆ ಕಥೆಯನ್ನು ಹಳೆಯ ದಾರಿಗೆ ತಂದರು ಎನ್ನಬೇಕು.

ಆಮೇಲೆ ಬಂತು ಕಾದಂಬರಿಯ ಕಾಲ. ತಮಿಳಿನ ಕಲ್ಕಿ ಕೃಷ್ಣಮೂರ್ತಿಯವರು 1944ರಿಂದ 46ರವರೆಗೆ 'ಶಿವಕಾಮಿಯಿನ್ ಶಪದಂ' ಎಂಬ ಧಾರಾವಾಹಿ ಬರೆದರು. ನರ್ತಕಿಯೊಬ್ಬಳ ಶಪಥ, ಹೊತ್ತಿ ಉರಿಯುವ ವಾತಾಪಿ, ಪುಲಿಕೇಶಿಗೆ ಥೇಟ್ ಅವನಂತೆಯೇ ಇರುವ ಸೋದರ ಭಿಕ್ಷು! ಇಲ್ವಲ-ವಾತಾಪಿಯರ ಜೋಡಿ ಇಲ್ಲಿ ಬೇರೆ ವೇಷದಲ್ಲಿ ಮತ್ತೆ ಹೊರಬಂದಿತೇ ಎನಿಸುತ್ತದೆ. ಕನ್ನಡದಲ್ಲಿ 1967ರಲ್ಲಿ ಡಾ. ರಾಜ್‌ಕುಮಾರ್ 'ಇಮ್ಮಡಿ ಪುಲಿಕೇಶಿ'ಯಾಗಿ ತೆರೆಗೆ ಬಂದರು. ನಮ್ಮಲ್ಲಿ ಎರಡು ತಲೆಮಾರಿಗೆ ಪುಲಿಕೇಶಿ ಎಂದರೆ ಕಣ್ಣಿಗೆ ಕಟ್ಟುವುದು ಆ ಮುಖವೇ. 2006ರಲ್ಲಿ ತಮಿಳಿನಲ್ಲಿ ಅದೇ ಹೆಸರಿನ ಇಪ್ಪತ್ತಮೂರನೆಯ ರಾಜನೊಬ್ಬ ನಗೆಚಿತ್ರದ ನಾಯಕನೂ ಆದ. ಪ್ರಾರ್ಥನೆ, ರಾಕ್ಷಸಕಥೆ, ಪ್ರಶಸ್ತಿ, ಸ್ಥಳಪುರಾಣ, ಕೀರ್ತನೆ, ಐತಿಹಾಸಿಕ ಕಾದಂಬರಿ, ಸಿನಿಮಾ, ಕಡೆಗೆ ಪ್ರಹಸನ. ಒಂದು ಹೆಸರು ಇಷ್ಟು ಬಾಳು ಬಾಳಿದ್ದು ಅಪರೂಪ.

ತೊಂದರೆ ಇರುವುದು ಇವೆಲ್ಲ ಒಂದೇ ಉಸಿರಿನಲ್ಲಿ ಹೊರಬಂದಾಗ. ಡಿಸೆಂಬರ್-ಜನವರಿಯ ಶಾಲಾ ಪ್ರವಾಸದ ದಿನಗಳಲ್ಲಿ ಗುಹೆಗಳ ಮುಂದೆ ನಿಂತು ಕೇಳಿದರೆ ಗೊತ್ತಾಗುತ್ತದೆ. ಅಗಸ್ತ್ಯ ತಿಂದದ್ದು, ಪುಲಿಕೇಶಿ ಕೋಟೆ ಕಟ್ಟಿದ್ದು, ಪಲ್ಲವರು ಸುಟ್ಟದ್ದು, ಗಣಪತಿಯನ್ನು ಒಯ್ದದ್ದು ಎಲ್ಲವನ್ನೂ ಮಕ್ಕಳು ಒಂದೇ ಪುಟದಲ್ಲಿ ಬರೆದುಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಅಂಕ ಹೋಗುತ್ತದೆಂಬುದು ದೊಡ್ಡ ಮಾತಲ್ಲ. 'ಅವರು ನಮ್ಮ ದೇವರನ್ನು ಕದ್ದರು' ಎಂಬ ಮಾತು ಆ ಪುಟದಿಂದ ಎದ್ದು ಊರೂರು ತಿರುಗುತ್ತದೆ, ಅದು ದೊಡ್ಡದು. ಮೊದಲನೆಯ ಗುಹೆಯಲ್ಲಿ ಹದಿನೆಂಟು ಕೈಯ ನಟರಾಜನ ಪಕ್ಕದಲ್ಲಿ ಎರಡೇ ಕೈಯ ಗಣಪ ಬಂಡೆಯಲ್ಲಿಯೇ ಮೂಡಿ ನಿಂತಿದ್ದಾನೆ. "ಗಣಪತಿನ ಒಯ್ದ್ರು ಅಂದ್ರ, ಮತ್ತ ಇಂವ ಯಾರ್ರಿ ಸರ?" ಎಂದು ಒಬ್ಬ ಹುಡುಗನಾದರೂ ಕೇಳುತ್ತಾನೆ. ಈ ಪ್ರಶ್ನೆಯನ್ನು ಗದರಿ ಸುಮ್ಮನಾಗಿಸದಿದ್ದರೆ ಅರ್ಧ ಇತಿಹಾಸ ಪಾಠ ಅಲ್ಲಿಯೇ ಆಗುತ್ತದೆ.

ಮಾರ್ಗದರ್ಶಿಗಳು ಸಾಮಾನ್ಯವಾಗಿ ಹೇಳದೆ ಬಿಡುವ ಭಾಗವೂ ಒಂದಿದೆ. ಒಂದನೆಯ ವಿಕ್ರಮಾದಿತ್ಯ ಸುಮಾರು 655ರ ಹೊತ್ತಿಗೆ ಬಾದಾಮಿಯನ್ನು ಮರಳಿ ಪಡೆದ. ಅವನ ವಂಶದ ಇಮ್ಮಡಿ ವಿಕ್ರಮಾದಿತ್ಯ ಎಂಟನೆಯ ಶತಮಾನದಲ್ಲಿ ಕಂಚಿಯನ್ನೇ ಗೆದ್ದ. ಗೆದ್ದವನು ಸುಡಲಿಲ್ಲ. ಅಲ್ಲಿನ ಕೈಲಾಸನಾಥ ದೇವಾಲಯದ ಸಂಪತ್ತನ್ನು ಕಂಡು ಅದನ್ನು ದೇವರಿಗೇ ಬಿಟ್ಟುಕೊಟ್ಟೆನೆಂದು ಅದೇ ಗುಡಿಯ ಕಂಬದ ಮೇಲೆ ಕನ್ನಡದಲ್ಲಿ ಕೆತ್ತಿಸಿದ. ಅವನ ರಾಣಿ ಲೋಕಮಹಾದೇವಿ ಆ ಗೆಲುವಿನ ನೆನಪಿಗೆ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ್ದೇ ಇಂದಿನ ವಿರೂಪಾಕ್ಷ ದೇವಾಲಯ. ಕಾದಂಬರಿಗೆ ಬೇಕಾದ ಬೆಂಕಿ ಇದರಲ್ಲಿ ಇಲ್ಲದ್ದಕ್ಕೋ ಏನೋ, ಇದನ್ನು ಯಾರೂ ಅಷ್ಟಾಗಿ ತಿದ್ದಿ ಬರೆಯಲು ಹೋಗಿಲ್ಲ.

ಐಹೊಳೆಯಿಂದ ಅಮೀನಗಡ, ಹುನಗುಂದದ ಮೇಲೆ ಇಳಕಲ್ಲಿನ ದಾರಿ. ಅಮೀನಗಡದಲ್ಲಿ ಬಸ್ಸು ನಿಂತರೆ ಕರದಂಟು ಕೊಳ್ಳದೆ ಮುಂದೆ ಹೋಗುವವರು ಕಡಿಮೆ. ಅಂಟು, ಬೆಲ್ಲ, ಒಣಹಣ್ಣುಗಳ ಆ ಉಂಡೆಯನ್ನು ಒಂದರ ಮೇಲೊಂದು ತಿಂದವರು ಅಗಸ್ತ್ಯನನ್ನು ನೆನೆಯಲೇಬೇಕಾಗುತ್ತದೆ. ಇಳಕಲ್ಲಿನಲ್ಲಿ ನೆಲ ಬದಲಾಗಿರುತ್ತದೆ. ಇಲ್ಲಿಯ ಕಲ್ಲೂ ಕೆಂಪೇ, ಆದರೆ ಇದು ಮರಳುಗಲ್ಲಲ್ಲ, ಗ್ರಾನೈಟು. ಬಾದಾಮಿಯ ಕೆಂಪು ಮರಳಿನ ಕಣಗಳಿಗೆ ಮೆತ್ತಿದ ತುಕ್ಕಿನದಾದರೆ ಇಳಕಲ್ಲಿನದು ಕಲ್ಲಿನೊಳಗಣ ಫೆಲ್ಡ್‌ಸ್ಪಾರ್ ಖನಿಜದ್ದು. ದೂರದಿಂದ ಎರಡೂ ಒಂದೇ ಎನಿಸುತ್ತವೆ.

ಇಳಕಲ್ ಸೀರೆಯ ಮಗ್ಗದ ಮುಂದೆ ನಿಂತವರಿಗೆ ಇನ್ನೊಂದು ಸಂಗತಿ ಕಾಣುತ್ತದೆ. ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಸೇರಿಸುತ್ತಾರೆ. ಉಟ್ಟಾಗ ಕೂಡುಗೆರೆ ಯಾರ ಕಣ್ಣಿಗೂ ಬೀಳುವುದಿಲ್ಲ. ನೇಯುವವರಿಗೆ ಮಾತ್ರ ಅದು ಎಲ್ಲಿದೆಯೆಂದು ಗೊತ್ತಿರುತ್ತದೆ, ಕೇಳಿದರೆ ಬೆರಳಿಟ್ಟು ತೋರಿಸುತ್ತಾರೆ.

ಮಗ್ಗದ ಸದ್ದಿನ ಮಧ್ಯೆಯೇ ಒಳಮನೆಯಲ್ಲಿ ಕೂಸಿಗೆ ಉಣಿಸುವ ಕೆಲಸ ನಡೆದಿರುತ್ತದೆ. ಉಂಡ ಕೂಸನ್ನು ಕಾಲ ಮೇಲೆ ಮಲಗಿಸಿ, ಹೊಟ್ಟೆಯ ಮೇಲೆ ಅಂಗೈಯಿಂದ ಮೆಲ್ಲಗೆ ಸುತ್ತು ಸವರುತ್ತ "ವಾತಾಪಿ ಜೀರ್ಣೋಭವ" ಎನ್ನುವ ಅಜ್ಜಿಯರು ಈ ಸೀಮೆಯಲ್ಲಷ್ಟೇ ಅಲ್ಲ, ಕಾವೇರಿಯ ಆಚೆಗೂ ಇದ್ದಾರೆ. ಕೂಸು ತೇಗುತ್ತದೆ. ಅಜ್ಜಿ ಅದನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬರುತ್ತಾಳೆ.